ಅತ್ತೆ ರೇಡಿಯೊಗೆ ಹೇಳುತ್ತಿದ್ದ ಮಾತು

ನಮ್ಮ ರೇಡಿಯೊ ಕೇಂದ್ರ ಇರೋದು ವಾಲ್ನಟ್ ಕ್ರೀಕ್ ಅನ್ನೋ ಊರಿನ ಒಂದು ಹಿಂದಿನ ಬೀದಿಯಲ್ಲಿ, ವ್ಯಾಕ್ಯೂಮ್ ಕ್ಲೀನರ್ ರಿಪೇರಿ ಅಂಗಡಿಯ ಮಹಡಿ ಮೇಲೆ. ‘ನಮ್ಮ’ ಅಂತ ಈಗಲೂ ಬಾಯಿಗೆ ಬಂದುಬಿಡುತ್ತೆ, ಏನು ಮಾಡೋದು. ಜಾಹೀರಾತಿಲ್ಲ, ಸಂಬಳವಿಲ್ಲ, ಊರಿನ ಜನರೇ ಬಿಡುವು ಮಾಡಿಕೊಂಡು ಬಂದು ನಡೆಸುವ ಪುಟ್ಟ ಕೇಂದ್ರ. ಅಲ್ಲಿ ಏನೇನು ಬರುತ್ತೆ ಅಂತ ಕೇಳಿದರೆ, ಏನು ಬರಲ್ಲ ಅಂತ ಹೇಳೋದೇ ಸುಲಭ. ಭಾನುವಾರ ಒಂದನ್ನೇ ತಗೊಳ್ಳಿ. ಬೆಳಗ್ಗೆ ಆರಕ್ಕೆ, ಹೈನುಗಾರಿಕೆ ಮಾಡಿ ನಿವೃತ್ತನಾದ ಪೋರ್ಚುಗೀಸ್ ಮುದುಕನೊಬ್ಬ ತಾನು ಹುಟ್ಟಿದ ದ್ವೀಪದ ಹಾಡುಗಳನ್ನ ಹಾಕಿ ತಾನೂ ಮೈಕಿನಲ್ಲಿ ಗುನುಗುತ್ತಾನೆ. ಏಳಕ್ಕೆ ತೋಟದ ಹೆಂಗಸು: ನಿಂಬೆ ಗಿಡದ ಎಲೆ ಯಾಕೆ ಹಳದಿಯಾಗುತ್ತೆ, ಇಲಿ ಹುಲ್ಲಿನ ಕೆಳಗೆ ಬಿಲ ತೋಡಿದರೆ ಏನು ಮಾಡಬೇಕು. ಎಂಟಕ್ಕೆ ನಾನು, ಕನ್ನಡ. ಒಂಬತ್ತಕ್ಕೆ ಇರಾನಿನ ಮೇಷ್ಟ್ರೊಬ್ಬರು ಪದ್ಯ ಓದುತ್ತಾರೆ. ಒಂದಕ್ಷರ ಅರ್ಥವಾಗದಿದ್ದರೂ ಕಾರಿನಲ್ಲಿ ಅದನ್ನ ಕೇಳಿಕೊಂಡೇ ನಾನು ಮನೆಗೆ ವಾಪಸಾಗುತ್ತಿದ್ದೆ. ಆಮೇಲೆ ಚರ್ಚಿನ ಹಾಡು, ಫಿಲಿಪೀನ್ಸಿನವರ ಸುದ್ದಿ, ಜಾಜ್, ನಗರಸಭೆಯ ಮೀಟಿಂಗು ಕೆಮ್ಮು ಸಮೇತ. ಸಂಜೆಗೆ ಒಬ್ಬ ಪುಣ್ಯಾತ್ಮ ಬರೀ ರೈಲಿನ ಸದ್ದು ಹಾಕುತ್ತಾನೆ. ಹಾಡಿಲ್ಲ, ಗೀಡಿಲ್ಲ. ಇದು ಇಂಥ ಸೇತುವೆ ಮೇಲೆ ಇಂಥ ಎಂಜಿನ್ನು ಅಂತ ಹೇಳೋದು, ಸದ್ದು ಬಿಡೋದು. ಕೇಳೋರು ಯಾರಪ್ಪ ಇದನ್ನ ಅಂತ ನಾನು ಎಷ್ಟು ಸಲ ನಕ್ಕಿದ್ದೀನೋ.

ನಾನು ಮೈಸೂರಿನವಳು. ವಾರವಿಡೀ ಆಫೀಸಿನಲ್ಲಿ ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕೋ ಕೆಲಸ. ಮನೆಯಲ್ಲೂ ಅದೇ ಬುದ್ಧಿ ಅನ್ನೋದು ನನ್ನ ಗಂಡನ ದೂರು. ಮೈಕಿನ ಮುಂದೆ ಕೂತಾಗ ಮಾತ್ರ ನನಗೆ ಎಲ್ಲಿಂದಲೋ ತಾಳ್ಮೆ ಬರುತ್ತಿತ್ತು. ಹಳೇ ಹಾಡು ಹಾಕುತ್ತಿದ್ದೆ, ಅಡುಗೆ ಮಾತಾಡುತ್ತಿದ್ದೆ, ಇಲ್ಲಿನ ಲೈಬ್ರರಿಯಲ್ಲಿ ಕನ್ನಡ ಪುಸ್ತಕದ ಕಪಾಟು ಎಲ್ಲಿದೆ ಅಂತ ಹೇಳುತ್ತಿದ್ದೆ. ಕೇಳುಗರಿಗೆ ಪ್ರಶ್ನೆ ಕೇಳಿ, ಉತ್ತರ ಕೊಡೋಕೆ ಅವಕಾಶ ಕೊಡೋರ ಹಾಗೆ ಒಂದು ಕ್ಷಣ ಸುಮ್ಮನಿರೋ ಅಭ್ಯಾಸ ಬೇರೆ. ಉತ್ತರ ಬರಲ್ಲ ಅಂತ ಗೊತ್ತಿದ್ದರೂ ಹಾಗೆ ಮಾಡುತ್ತಿದ್ದೆ.

ನಮ್ಮತ್ತೆ ವಿಜಯಪುರದ ಕಡೆಯವರು. ಮಾವ ತೀರಿಕೊಂಡ ಮೇಲೆ ಲಿವರ್‌ಮೋರಿನ ನಮ್ಮ ಮನೆಗೆ ಬಂದರು. ನನಗೂ ಅವರಿಗೂ ಯಾವತ್ತೂ ಜಗಳವಾಗಿಲ್ಲ. ಜಗಳವಾದರೂ ಆಗಿದ್ದರೆ ನಾಲ್ಕು ಮಾತು ಹೊರಗೆ ಬೀಳುತ್ತಿತ್ತೋ ಏನೋ. ನಾನು ಸ್ವಲ್ಪ ಜೋರು, ಅವರು ಬಾಯಿ ಬಿಡದವರು. ‘ಮಾತ್ರೆ ತಗೊಂಡ್ರಾ ಅತ್ತೆ’ ಅಂದರೆ ‘ಹೂಂ’. ‘ಸ್ವೆಟರ್ ಹಾಕ್ಕೊಳ್ಳಿ’ ಅಂದರೆ ‘ಇರ್ಲಿ ಬಿಡು’. ಹಟ ಅಂತಲ್ಲ, ಸೊಸೆ ಹೇಳಿದ ಹಾಗೆ ಕೇಳಿಕೊಂಡಿರೋದು ಅವರ ಜಾಯಮಾನಕ್ಕೆ ಒಗ್ಗಿದ್ದಲ್ಲ, ಅಷ್ಟೆ. ಲಿವರ್‌ಮೋರಿನಲ್ಲಿ ಕಾರಿಲ್ಲದಿದ್ದರೆ ಒಂದು ಕಟ್ಟು ಕೊತ್ತಂಬರಿಯೂ ಸಿಗಲ್ಲ. ಗುಡ್ಡದ ಮೇಲಿನ ದೇವಸ್ಥಾನಕ್ಕೆ ಮಗ ಕರೆದುಕೊಂಡು ಹೋದರೆ ಉಂಟು, ಇಲ್ಲದಿದ್ದರೆ ಇಲ್ಲ. ಒಟ್ಟಿನಲ್ಲಿ ಅವರು ಮನೆಯಲ್ಲೇ ಇರುತ್ತಿದ್ದರು, ನಾನು ಸಂಜೆ ಬರುತ್ತಿದ್ದೆ, ಇಬ್ಬರೂ ಒಬ್ಬರಿಗೊಬ್ಬರು ಅಡ್ಡ ಬರದ ಹಾಗೆ ಅಡುಗೆಮನೆಯಲ್ಲಿ ಓಡಾಡುತ್ತಿದ್ದೆವು.

ನಮ್ಮ ಕೇಂದ್ರದ ಸಿಗ್ನಲ್ಲು ಗುಡ್ಡ ದಾಟಿ ಲಿವರ್‌ಮೋರಿಗೆ ಬರುವಷ್ಟರಲ್ಲಿ ಸುಸ್ತಾಗಿರುತ್ತೆ. ಅಡುಗೆಮನೆಯ ಪಡುವಣ ಕಿಟಕಿಯಲ್ಲಿ ರೇಡಿಯೊ ಇಟ್ಟು, ಏರಿಯಲ್ಲಿಗೆ ಒಂದು ತಂತಿ ಸುತ್ತಿದರೆ ಮಾತ್ರ ಸರಿಯಾಗಿ ಕೇಳಿಸೋದು. ಫೋನಿನಲ್ಲೇ ಬರುತ್ತಲ್ಲ ಅವ್ವಾ ಅಂತ ನನ್ನ ಗಂಡ ಹೇಳಿ ಸೋತ. ಅತ್ತೆಗೆ ರೇಡಿಯೊನೇ ಆಗಬೇಕು. ಭಾನುವಾರ ನಾನು ಏಳಕ್ಕೆ ಕಾರು ತೆಗೆದು ಫ್ರೀವೇ ಹತ್ತಿದ ಮೇಲೆ ಅವರು ಸ್ನಾನ ಮಾಡಿ, ಇಳಕಲ್ ಸೀರೆ ಉಟ್ಟು, ಆ ಕಿಟಕಿಯ ಮುಂದೆ ಕುರ್ಚಿ ಎಳೆದುಕೊಂಡು ಕೂರುತ್ತಾರೆ ಅನ್ನೋದು ನನಗೆ ಬಹಳ ಕಾಲ ಗೊತ್ತೇ ಇರಲಿಲ್ಲ. ಹೇಳಿದವಳು ಹೈಸ್ಕೂಲಿನಲ್ಲಿರುವ ನನ್ನ ಮಗಳು.

‘ಅಮ್ಮಾ, ಅಜ್ಜಿ ಆನ್ಸರ್ಸ್ ಯೂ’ ಅಂದಳು.

ಹಾಗಂದ್ರೇನೇ ಅಂದೆ. ‘ನೀನು ರೇಡಿಯೊದಲ್ಲಿ ಏನಾದ್ರೂ ಕೇಳಿ ಸ್ಟಾಪ್ ಮಾಡ್ತೀಯಲ್ಲ, ಆಗ. ಲೈಕ್, ಫುಲ್ ಕಾನ್ವರ್ಸೇಶನ್’ ಅಂದಳು.

ನಾನು ನಂಬಲಿಲ್ಲ. ಆಮೇಲೆ ಒಂದು ಭಾನುವಾರ, ಪರೀಕ್ಷೆ ಮಾಡೋಣ ಅಂತಲೇ, ಜೋಳದ ರೊಟ್ಟಿ ಮಾತು ಎತ್ತಿದೆ. ನಾನು ತಟ್ಟಿದರೆ ಅಂಚೆಲ್ಲ ಬಿರಿದು ಹೋಗುತ್ತೆ, ಯಾಕೆ ಅಂತ ನಿಮಗೇನಾದರೂ ಗೊತ್ತಾ ಅಂದು ಸುಮ್ಮನಾದೆ. ಮಗಳು ವರದಿ ಒಪ್ಪಿಸಿದಳು, ಅಜ್ಜಿಯ ದನಿಯಲ್ಲೇ: ‘ನೀರು ಕುದಿಯೂ ಮುಂದ ಹಿಟ್ಟು ಹಾಕಬೇಕವಾ. ನೀ ಬೆಚ್ಚಗಿನ ನೀರಾಗ ಕಲಸಿದ್ರ ಬಿರೀಲಾರದ ಏನ ಮಾಡ್ತದ?’ ಆವತ್ತು ನಾನು ಮನೆಗೆ ಬಂದಾಗ ಮೇಜಿನ ಮೇಲೆ ಬಟ್ಟೆ ಮುಚ್ಚಿದ ರೊಟ್ಟಿ ಇತ್ತು. ಒಂದಕ್ಕೂ ಅಂಚು ಬಿರಿದಿರಲಿಲ್ಲ. ಹೊಟ್ಟೆ ಬಿರಿಯೋ ಹಾಗೆ ತಿಂದೆ.

ಅಲ್ಲಿಂದ ಶುರುವಾಯಿತು. ಒಂದು ವಾರ ಹಾಡು ಓಡುತ್ತಿದ್ದಾಗ ಅತ್ತೆ ರೇಡಿಯೊಗೆ ಹೇಳಿದರಂತೆ: ‘ಮೆಟ್ಟಲಾ ಇಳಿಯೂ ಮುಂದ ಮಣಕಾಲು ಹಿಡಕೊಳ್ತದವಾ. ಯಾರ ಮುಂದ ಹೇಳ್ಲಿ?’ ಅದಕ್ಕೆ ಮುಂಚೆ ನಾನೇ ಎದುರಿಗೆ ನಿಂತು ‘ಕಾಲು ನೋವಾ ಅತ್ತೆ’ ಅಂತ ಕೇಳಿ, ‘ಏನಿಲ್ಲ’ ಅನ್ನಿಸಿಕೊಂಡಿದ್ದೆ. ಮುಂದಿನ ಭಾನುವಾರ ರೇಡಿಯೊದಲ್ಲಿ, ಮನೆಯಲ್ಲಿರುವ ಹಿರಿಯರೇ, ಮೊಣಕಾಲು ಹಿಡಿಯುತ್ತಿದ್ದರೆ ಹೀಗೆ ಕುರ್ಚಿ ಮೇಲೆ ಕೂತು ಕಾಲು ನೀಡಿ, ಹತ್ತು ಎಣಿಸಿ, ಇಳಿಸಿ, ಡಾಕ್ಟರಿಗೆ ತೋರಿಸೋಕೆ ಸಂಕೋಚ ಪಡಬೇಡಿ ಅಂದೆ. ಅತ್ತೆ ಕೂತಲ್ಲೇ ಕಾಲು ನೀಡಿದರಂತೆ. ಬುಧವಾರ ಮಗನಿಗೆ, ‘ನನಗ ದವಾಖಾನಿಗೆ ಕರಕೊಂಡು ಹೋಗು’ ಅಂತ ತಾವಾಗೇ ಅಂದರು. ನನ್ನ ಗಂಡ ಬಿಟ್ಟ ಕಣ್ಣು ಬಿಟ್ಟ ಹಾಗೇ ನನ್ನ ಮುಖ ನೋಡಿದ.

ಹೀಗೆ ನಾವಿಬ್ಬರೂ ವಾರಕ್ಕೊಮ್ಮೆ ಮಾತಾಡತೊಡಗಿದೆವು, ಮಧ್ಯೆ ಅಷ್ಟು ದೂರದ ಫ್ರೀವೇ ಇಟ್ಟುಕೊಂಡು. ಬಿ.ಪಿ. ಮಾತ್ರೆ, ಉಪ್ಪಿನಕಾಯಿಯ ಉಪ್ಪು, ಚಳಿಗಾಲದ ಸಾಕ್ಸು, ಎಲ್ಲಾ ರೇಡಿಯೊ ಮೂಲಕವೇ. ಬೇರೆ ಕೇಳುಗರು ‘ಮೇಡಂ, ನಿಮ್ಮ ಹಿರಿಯರ ವಿಭಾಗ ಬಹಳ ಚೆನ್ನಾಗಿ ಬರ್ತಿದೆ’ ಅಂತ ಮೆಸೇಜು ಹಾಕೋರು. ಮೊಮ್ಮಗಳು ನನ್ನ ಹತ್ತಿರ ಬಂದು ಒಪ್ಪಿಸುತ್ತಾಳೆ ಅಂತ ಅತ್ತೆಗೆ ಗೊತ್ತಿತ್ತಾ? ಗೊತ್ತಿತ್ತು ಅಂತಲೇ ನನ್ನ ಲೆಕ್ಕ. ಇಲ್ಲದಿದ್ದರೆ ಅವಳು ಪಕ್ಕಕ್ಕೆ ಬಂದು ಕೂತಾಗ ದನಿ ಏರಿಸುತ್ತಿರಲಿಲ್ಲ. ಆ ಒಂದು ಗಂಟೆ ಹೋದರೆ ನಮ್ಮಿಬ್ಬರ ಮಧ್ಯೆ ಏನೂ ಉಳಿಯಲ್ಲ ಅನ್ನೋದು ನನಗೆ ಚೆನ್ನಾಗಿ ಗೊತ್ತಿತ್ತು.

ಈ ವರ್ಷ ಕೇಂದ್ರದ ಮ್ಯಾನೇಜರು ಎಲ್ಲರನ್ನೂ ಕರೆದು ಕೂರಿಸಿದಳು. ಒಳ್ಳೆಯ ಹೆಂಗಸು, ಬಯ್ಯೋಕೂ ಮನಸ್ಸು ಬರಲ್ಲ. ಭಾನುವಾರ ಬೆಳಗ್ಗೆ ಒಂದು ಗಂಟೆ ಹೊತ್ತು ಹೊರಗಿನ ದೊಡ್ಡ ಸುದ್ದಿ ಕಾರ್ಯಕ್ರಮ ತಗೋಬೇಕಾಗಿದೆ, ಹಾಗಾಗಿ ಯಾರಾದರೊಬ್ಬರು ಜಾಗ ಬಿಡಬೇಕು ಅಂದಳು. ಯಾರು ಅನ್ನೋದನ್ನ ಕೇಳುಗರ ವಾರದಲ್ಲಿ ತೀರ್ಮಾನ ಮಾಡೋದಂತೆ. ಆ ವಾರ ಪ್ರತಿ ಕಾರ್ಯಕ್ರಮ ನಡೆಯುವಾಗ ಕೇಳುಗರು ಕೇಂದ್ರದ ನಂಬರಿಗೆ ಫೋನ್ ಮಾಡಿ, ನಾನು ಇಂಥ ಊರಿನವನು, ಇದನ್ನ ಕೇಳುತ್ತೀನಿ ಅಂತ ಒಂದು ಮಾತು ಹೇಳಬೇಕು, ಯಾರಿಗೆ ತೀರಾ ಕಡಿಮೆ ಫೋನ್ ಬರುತ್ತೋ ಅವರ ಗಂಟೆ ಹೋಗುತ್ತೆ. ಅಷ್ಟೇ. ಈಮೇಲ್ ನಡೆಯಲ್ಲ, ಯಾಕಂದರೆ ಹಿಂದೊಮ್ಮೆ ಒಬ್ಬನೇ ಭೂಪ ಬೇರೆ ಬೇರೆ ಹೆಸರಿನಲ್ಲಿ ಕಂತೆಗಟ್ಟಲೆ ಕಳಿಸಿದ್ದನಂತೆ. ಮನುಷ್ಯರ ದನಿ ಬೇಕು ಅಂದಳು.

ನಾನು ಆರಾಮಾಗಿದ್ದೆ. ಈ ಬೇ ಏರಿಯಾದಲ್ಲಿ ಕನ್ನಡಿಗರಿಗೇನು ಬರವೇ? ಎರಡು ವಾರ ಮುಂಚೆಯಿಂದ ರೇಡಿಯೊದಲ್ಲಿ ಹೇಳಿದೆ, ವಾಟ್ಸಪ್ ಗ್ರೂಪುಗಳಲ್ಲಿ ಹಾಕಿದೆ. ‘ಖಂಡಿತಾ ಅಕ್ಕ’, ‘ಅದೇನು ದೊಡ್ಡ ಮಾತು ಮೇಡಂ’, ಕೈ ಮುಗಿಯೋ ಚಿತ್ರಗಳು ಸಾಲುಸಾಲು. ಅತ್ತೆ ಕೂಡ ರೇಡಿಯೊಗೆ ‘ಮಾಡ್ತಾರ ತಗೋ’ ಅಂದರಂತೆ.

ಆ ಭಾನುವಾರ ನಾನು ಮಹಡಿ ಹತ್ತಿದಾಗ ತೋಟದ ಹೆಂಗಸಿನ ಗಂಟೆ ಮುಗಿಯುತ್ತಾ ಇತ್ತು. ಗಾಜಿನ ಆಚೆ ಕೋಣೆಯಲ್ಲಿ ಇಬ್ಬರು ಫೋನ್ ಎತ್ತೋಕೆ ಕೂತಿದ್ದರು, ಅವರಿಗೆ ಕಾಫಿ ಕುಡಿಯೋಕೂ ಪುರುಸೊತ್ತಿರಲಿಲ್ಲ. ಪೋರ್ಚುಗೀಸ್ ಮುದುಕನಿಗೆ ಅವನ ಚರ್ಚಿನವರೆಲ್ಲ ಮಾಡಿದ್ದರು. ರೈಲಿನವನಿಗೆ ಹಿಂದಿನ ದಿನವೇ ವಿಶೇಷ ಪ್ರಸಾರ ಕೊಟ್ಟಿದ್ದರು, ಅವನಿಗೂ ಜನ ಮುಗಿಬಿದ್ದು ಮಾಡಿದ್ದರಂತೆ. ರೈಲಿನ ಸದ್ದಿಗೆ! ನಾನು ನಗುನಗುತ್ತಲೇ ಕೂತು, ಮೊದಲನೇ ಹಾಡಾದ ಮೇಲೆ ನಂಬರು ಹೇಳಿದೆ.

ಫೋನ್ ಬಂದರೆ ನನ್ನ ಮೇಜಿನ ಮೇಲೆ ಹಳದಿ ದೀಪ ಮಿನುಗಬೇಕು. ಮಿನುಗಲಿಲ್ಲ. ಇನ್ನೊಂದು ಹಾಡು ಹಾಕಿ ಮತ್ತೆ ಹೇಳಿದೆ. ಗಾಜಿನ ಆಚೆ ಒಬ್ಬ ಕಾಫಿ ತರೋಕೆ ಎದ್ದ. ದೀಪ ಒಂದು ಸಲ ಹತ್ತಿತು. ಅದು ಇನ್ನೂ ಇಲಿ ಬಿಲದ ಬಗ್ಗೆ ಕೇಳುತ್ತಿದ್ದವರು. ಇನ್ನೊಂದು ಸಲ ಹತ್ತಿತು. ಗಾಜಿನ ಆಚೆ ಫೋನ್ ಎತ್ತಿದವನು ‘ಹಲೋ, ಯಾವ ಊರು’ ಅಂತ ಇಂಗ್ಲಿಷಿನಲ್ಲಿ ಕೇಳಿದ ತಕ್ಷಣ ಇಟ್ಟುಬಿಟ್ಟರಂತೆ. ಅದು ನಮ್ಮವರೇ ಅಂತ ನನಗೆ ಗೊತ್ತು. ಬೇರೆ ಯಾರು ಹಾಗೆ ಇಡ್ತಾರೆ?

ಈ ಕಡೆ ನನ್ನ ಬ್ಯಾಗಿನಲ್ಲಿ ನನ್ನ ಮೊಬೈಲು ಒಂದೇ ಸಮ ಗುಯ್‌ಗುಟ್ಟುತ್ತಿತ್ತು. ಉದ್ದದ ಹಾಡೊಂದು ಹಾಕಿ ತೆಗೆದು ನೋಡಿದೆ. ಎಲ್ಲಾ ನಮ್ಮವರೇ. ‘ಅಕ್ಕಾ, ಕೇಳ್ತಾ ಇದೀವಿ, ಸೂಪರ್.’ ‘ಎಲ್ಲರೂ ಮಾಡ್ತಿರ್ತಾರೆ, ಲೈನು ಬ್ಯುಸಿ ಇರುತ್ತೆ ಅಂತ ನಾವು ಮಾಡಲಿಲ್ಲ ಮೇಡಂ.’ ‘ನೀವು ಕೆಲಸದಲ್ಲಿರ್ತೀರ, ಡಿಸ್ಟರ್ಬ್ ಮಾಡೋದು ಬೇಡ ಅಂತ.’ ‘ನಮ್ಮ ಗ್ರೂಪಿಗೆ ಫಾರ್ವರ್ಡ್ ಮಾಡಿದ್ದೀನಿ, ಅವರೆಲ್ಲ ಮಾಡ್ತಾರೆ.’ ಒಬ್ಬ ದೊಡ್ಡ ಮನುಷ್ಯರಂತೂ, ನಮ್ಮ ಭಾಷೆಯ ಕಾರ್ಯಕ್ರಮ ಬೇಕು ಅಂತ ನಾವೇ ಫೋನ್ ಮಾಡಿ ಹೇಳಿಕೊಳ್ಳೋದು ಅಷ್ಟು ಚೆನ್ನಾಗಿರಲ್ಲ, ಅವರಾಗೇ ಗುರುತಿಸಬೇಕು ಅಂತ ಬರೆದಿದ್ದರು. ಓದಿ ನನ್ನ ಮೈ ಉರಿದುಹೋಯಿತು. ನಮ್ಮ ದಾಕ್ಷಿಣ್ಯಕ್ಕಿಷ್ಟು ಬೆಂಕಿ ಹಾಕ. ಮೈಕು ತೆರೆದು, ದಯವಿಟ್ಟು ನನಗೆ ಮೆಸೇಜು ಕಳಿಸಬೇಡಿ, ಕೇಂದ್ರಕ್ಕೆ ಫೋನ್ ಮಾಡಿ, ಒಂದು ಫೋನೂ ಬಂದಿಲ್ಲ ಅಂತ ಬಾಯಿಬಿಟ್ಟು ಬೇಡಿಕೊಂಡೆ. ಮೊಬೈಲು ಇನ್ನೂ ಜಾಸ್ತಿ ಗುಯ್‌ಗುಟ್ಟಿತು. ‘ಅಯ್ಯೋ ಪಾಪ ಅಕ್ಕ, ಟೆನ್ಶನ್ ಮಾಡ್ಕೋಬೇಡಿ, ಯಾರಾದ್ರೂ ಮಾಡ್ತಾರೆ.’

ಇನ್ನೊಂದು ಹಾಡು ಹಾಕಿ ಮನೆಗೆ ಫೋನ್ ಮಾಡಿದೆ. ‘ನೀನಾದ್ರೂ ಮಾಡೋ ಮಾರಾಯ’ ಅಂದೆ ಗಂಡನಿಗೆ. ‘ಅವ್ವ ಬೇಡ ಅಂತಾಳೆ ಕಣೇ’ ಅಂದ. ಹಿಂದಿನಿಂದ ಅತ್ತೆಯ ದನಿ ಕೇಳಿಸಿತು: ‘ಮನಿ ಮಂದೀನ ಫೋನ್ ಮಾಡಿ, ನಮ್ಮಾಕಿ ಛಲೋ ಮಾತಾಡ್ತಾಳ ಅಂದ್ರ ಮಂದಿ ನಗೂದಿಲ್ಲೇನು? ಆಕೀ ಮರ್ಯಾದಿ ಹೋಗ್ತದ. ಸುಮ್ಮ ಕೂಡು.’ ನಮ್ಮಾಕಿ ಅಂತ ಅವರು ನನ್ನನ್ನ ಕರೆದದ್ದು ನಾನು ಕೇಳಿದ್ದು ಅದೇ ಮೊದಲು. ಖುಷಿ ಪಡಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯದೆ ಫೋನ್ ಹಿಡಿದುಕೊಂಡೇ ಕೂತಿದ್ದೆ. ಅವ್ವನ ಮಾತು ಮೀರೋ ಪೈಕಿಯಲ್ಲ ನನ್ನ ಗಂಡ. ಕೊನೆಗೆ ಗ್ಯಾರೇಜಿಗೆ ಹೋಗಿ ಕಾರಿನಲ್ಲಿ ಕೂತು ಗುಟ್ಟಾಗಿ ಮಾಡಿದನಂತೆ. ಅಷ್ಟರಲ್ಲಿ ಒಂಬತ್ತು ಹೊಡೆದು ಇರಾನಿನ ಮೇಷ್ಟ್ರು ಶುರು ಮಾಡಿದ್ದರು.

ಮ್ಯಾನೇಜರಿಗೆ ನನ್ನ ಮೊಬೈಲು ತೋರಿಸಿದೆ. ನೋಡಿ, ಇವರೆಲ್ಲ ಕೇಳುತ್ತಾರೆ, ಇಷ್ಟೂ ಜನ ಈಗ ಈ ಗಂಟೆಯಲ್ಲೇ ಬರೆದಿದ್ದಾರೆ. ಅವಳು ಬೆರಳಿನಿಂದ ಮೇಲೆ ಕೆಳಗೆ ಸರಿಸಿ, ನಿಮ್ಮ ಲಿಪಿ ಎಷ್ಟು ಚೆಂದ ಇದೆ ಅಂದಳು. ಆಮೇಲೆ, ಇವರು ಯಾಕೆ ಫೋನ್ ಮಾಡಲಿಲ್ಲ ಅಂತ ನಿಜವಾಗಿಯೂ ಅರ್ಥವಾಗದೆ ಕೇಳಿದಳು. ನಿಮಗೆ ತೊಂದರೆ ಕೊಡಬಾರದು ಅಂತ, ಅಂದೆ. ಇಂಗ್ಲಿಷಿನಲ್ಲಿ ಹೇಳಿದಾಗ ಅದು ನನ್ನ ಕಿವಿಗೇ ಸುಳ್ಳಿನ ಹಾಗೆ ಕೇಳಿಸಿತು. ಅವಳು ನನ್ನ ಭುಜ ಮುಟ್ಟಿ, ನನಗೆ ಬೇಜಾರಾಗ್ತಿದೆ, ಆದರೆ ಎಲ್ಲರಿಗೂ ಒಂದೇ ನಿಯಮ ಅಂದಳು. ಅವಳದೇನು ತಪ್ಪು?

ನನ್ನ ಕಾರ್ಯಕ್ರಮ ನಿಂತು ಹೋದ ಮೇಲೆ ನಮ್ಮವರ ದುಃಖ ನೋಡಬೇಕಿತ್ತು. ದೇವಸ್ಥಾನದ ಪಾರ್ಕಿಂಗಿನಲ್ಲಿ, ಇಂಡಿಯನ್ ಗ್ರೋಸರಿಯ ಬೆಂಡೆಕಾಯಿ ರಾಶಿಯ ಮುಂದೆ ನಿಲ್ಲಿಸಿ ನಿಲ್ಲಿಸಿ, ‘ಅಯ್ಯೋ, ನಾವು ಪ್ರತಿ ವಾರ ತಪ್ಪದೆ ಕೇಳ್ತಿದ್ವಿ’ ಅಂದರು. ಮನೆಗೆ ಚಕ್ಕುಲಿ, ಕೋಡುಬಳೆ ಕಳಿಸಿದರು. ಒಬ್ಬರ ಮೇಲೂ ನನಗೆ ಸರಿಯಾಗಿ ಸಿಟ್ಟು ಮಾಡೋಕೆ ಆಗಲಿಲ್ಲ. ಅವರ ಜಾಗದಲ್ಲಿ ನಾನಿದ್ದರೂ, ಇನ್ಯಾರೋ ಮಾಡಿರ್ತಾರೆ ಅಂತ ಕಾಫಿ ಕುಡಿಯುತ್ತಾ ಕೂತಿರುತ್ತಿದ್ದೆ.

ಪಾಡ್‌ಕಾಸ್ಟ್ ಮಾಡು ಅಂತ ಎಲ್ಲರೂ ಬುದ್ಧಿ ಹೇಳಿದರು. ಮಗಳು ತನ್ನ ಲ್ಯಾಪ್‌ಟಾಪಿನಲ್ಲಿ ರೆಕಾರ್ಡ್ ಮಾಡಿಕೊಟ್ಟಳು. ಭಾನುವಾರ ಎಂಟಕ್ಕೆ ಸರಿಯಾಗಿ, ನಾನು ಬೇಕಂತಲೇ ವಾಕಿಂಗಿಗೆ ಹೋದ ಮೇಲೆ, ಕಿಟಕಿಯ ಹತ್ತಿರ ಫೋನ್ ಇಟ್ಟು ಅಜ್ಜಿಗೆ ಹಾಕಿದಳು. ನಾನು ಅದರಲ್ಲಿ ಪ್ರಶ್ನೆ ಕೇಳಿ ಸುಮ್ಮನಾಗಿದ್ದೆ, ಮೊದಲಿನ ಹಾಗೇ. ಅತ್ತೆ ಬಾಯಿ ಬಿಡಲಿಲ್ಲವಂತೆ. ಯಾಕಜ್ಜಿ ಅಂದಿದ್ದಕ್ಕೆ, ‘ಇದು ಮಾತಾಡಿ ಮುಗದದ್ದಲ್ಲೇನು? ಮುಗದ ಮ್ಯಾಲ ಯಾರಿಗೆ ಹೇಳೂದು?’ ಅಂದರಂತೆ. ಮಗಳು ಅದನ್ನ ಒಪ್ಪಿಸಿ, ‘ಶಿ ಹ್ಯಾಸ್ ಎ ಪಾಯಿಂಟ್’ ಅಂದಳು. ಪಾಡ್‌ಕಾಸ್ಟ್ ಅಲ್ಲಿಗೇ ನಿಂತಿತು.

ಹೋದ ಭಾನುವಾರ ಮಗಳು ಸ್ನೇಹಿತೆಯ ಮನೆಗೆ ಹೋಗಿದ್ದಳು, ನನ್ನ ಗಂಡ ಊರಲ್ಲಿರಲಿಲ್ಲ. ನಾನು ಒಗೆದ ಬಟ್ಟೆ ತುಂಬಿದ ಬುಟ್ಟಿ ಹಿಡಿದುಕೊಂಡು ಅಡುಗೆಮನೆ ಹಾದು ಹೋಗುತ್ತಿದ್ದೆ. ಅತ್ತೆ ಸ್ನಾನ ಮಾಡಿ ಸೀರೆ ಉಟ್ಟು ರೇಡಿಯೊ ಮುಂದೆ ಕೂತಿದ್ದರು. ನನ್ನ ಗಂಟೆಯಲ್ಲಿ ಯಾರೋ ಒಬ್ಬ ಗಂಡಸು ಇಂಗ್ಲಿಷಿನಲ್ಲಿ ದೇಶದ ಸುದ್ದಿ ಹೇಳುತ್ತಿದ್ದ.

‘ಅತ್ತೆ, ಅದು ಇನ್ನು ಬರಲ್ಲ’ ಅಂದೆ.

‘ಗೊತ್ತದ.’

‘ಮತ್ತೆ ಯಾಕೆ ಕೂತಿದ್ದೀರಿ?’

ಅವರು ನನ್ನ ಕಡೆ ನೋಡಲಿಲ್ಲ. ‘ನೀ ಇಲ್ಲಿ ನಿಂತಿಯಲ್ಲ, ಆ ಕಡೆ ಹೋಗು’ ಅಂದರು. ಸಿಟ್ಟಿನಿಂದ ಹೇಳಿದ್ದಲ್ಲ, ನಿಧಾನವಾಗಿಯೇ ಹೇಳಿದರು. ನಾನು ಹೋದೆ. ಬಟ್ಟೆ ಒಗೆಯೋ ಕೋಣೆ ಗೋಡೆಯ ಆಚೆಗೇ ಇದೆ. ಬಾಗಿಲು ಅರ್ಧ ಮುಚ್ಚಿ, ಬುಟ್ಟಿ ಕೆಳಗಿಡದೆ ನಿಂತೆ.

ಸ್ವಲ್ಪ ಹೊತ್ತು ಬರೀ ಆ ಸುದ್ದಿಯವನ ದನಿ. ಆಮೇಲೆ ಅತ್ತೆ ಮಾತಾಡಿದರು. ಮಗಳು ಹೇಳುತ್ತಿದ್ದದ್ದು ಸರಿ, ಮನೆಯಲ್ಲಿ ನಾನು ಯಾವತ್ತೂ ಕೇಳದ ದನಿ ಅದು, ಮೆತ್ತಗೆ, ಹತ್ತಿರದವರ ಕೂಡ ಮಾತಾಡೋ ದನಿ.

‘ಎಡಗಣ್ಣು ಕಾಣವಲ್ದವಾ’ ಅಂದರು. ‘ನಡುವ ಕರ್ರಗ ಮುಚ್ಚಿದಂಗ ಆಗ್ಯದ. ಯಾರ ಮುಂದೂ ಹೇಳಿಲ್ಲ. ನಿನಗಷ್ಟ ಹೇಳೇನಿ.’

ಹೇಳಿ ಸುಮ್ಮನಾದರು. ಉತ್ತರಕ್ಕೆ ಜಾಗ ಬಿಟ್ಟ ಹಾಗಿತ್ತು. ಸುದ್ದಿಯವನು ಯಾವುದೋ ಚುನಾವಣೆಯ ಮಾತು ಮುಂದುವರಿಸಿದ. ಅತ್ತೆ, ಇದು ಸುಮ್ಮನಿರೋ ವಿಷಯವಲ್ಲ, ನಾಳೆಯೇ ಹೋಗೋಣ ಅಂತ ಗೋಡೆಯ ಈ ಕಡೆಯಿಂದ ಕೂಗಬಹುದಿತ್ತು. ಕೂಗಿದ್ದರೆ ಅವರು ಎದ್ದು ರೂಮಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಮೊದಲಿನ ಹಾಗಿದ್ದರೆ ಮುಂದಿನ ಭಾನುವಾರ ಮೈಕಿನ ಮುಂದೆ ಎರಡು ಮಾತು ಸಾಕಾಗುತ್ತಿತ್ತು, ಬುಧವಾರಕ್ಕೆ ಅವರೇ ಹೊರಡುತ್ತಿದ್ದರು. ಏನೂ ತೋಚದೆ ಬುಟ್ಟಿ ಕೆಳಗಿಟ್ಟು, ಅದರಲ್ಲಿದ್ದ ಒಂದೇ ಟವೆಲನ್ನ ಮಡಿಸಿದೆ, ಬಿಚ್ಚಿದೆ, ಮತ್ತೆ ಮಡಿಸಿದೆ. ಒಂಬತ್ತಾಯಿತು. ಅತ್ತೆ ರೇಡಿಯೊ ಆರಿಸಿದ್ದು ಕೇಳಿಸಿತು.

ಮಧ್ಯಾಹ್ನ ಊಟಕ್ಕೆ ಕೂತಾಗ ತಡೆಯಲಾಗಲಿಲ್ಲ. ಅನ್ನ ಬಡಿಸುತ್ತಾ, ಏನೂ ಗೊತ್ತಿಲ್ಲದವಳ ಹಾಗೆ, ‘ಅತ್ತೆ, ಒಂದ್ಸಲ ಕಣ್ಣು ತೋರಿಸಿಕೊಂಡು ಬರೋಣವಾ’ ಅಂದೆ.

ಅವರು ತಲೆ ಎತ್ತಿ, ಎರಡೂ ಕಣ್ಣಿನಿಂದ ನನ್ನನ್ನ ನೇರವಾಗಿ ನೋಡಿದರು.

‘ಕಣ್ಣಿಗೇನಾಗ್ಯದ? ನೆಟ್ಟಗ ಅದಾವ’ ಅಂದರು. ‘ಸಾರು ಹಾಕು.’